ಎಡಗೈಯ ನಕ್ಷೆ

ಫೆಬ್ರವರಿ 4, ಮಂಗಳವಾರ. ಬೆಳಿಗ್ಗೆ 7.30

ತೂಕ 66.4. ಇರಬೇಕಾದದ್ದು 63. ಸಿಸ್ಟರ್ ಹುಬ್ಬು ಗಂಟಿಕ್ಕಿದಳು.

ಈ ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ನೀರಿನ ಲೆಕ್ಕ. ದಿನಕ್ಕೆ ಎಷ್ಟು ಲೋಟ ಕುಡಿದೆ ಅಂತ ಬರೆಯಲು ಡಾಕ್ಟರ್ ಹೇಳಿದ್ದು. ಹಿಂದಿನಿಂದ ತಿರುಗಿಸಿದರೆ ಇದು. ಇದನ್ನು ಬರೆಯಲು ಯಾರೂ ಹೇಳಿಲ್ಲ. ನಾಲ್ಕು ಗಂಟೆ ಮಲಗಿರಬೇಕು. ಎಡಗೈ ಮಷೀನಿನದು, ಬಲಗೈ ನನ್ನದು. ಏನಾದರೂ ಗೀಚುತ್ತಿದ್ದರೆ ಬಾಯಾರಿಕೆ ಮರೆಯುತ್ತದೆ. ಆಗಾಗ ಬಲತೋಳಿನ ಬಿಪಿ ಪಟ್ಟಿ ತಾನಾಗಿ ಉಬ್ಬುತ್ತದೆ, ಅಷ್ಟು ಹೊತ್ತು ಪೆನ್ನು ಕೆಳಗೆ.

ಡಯಾಲಿಸಿಸ್ ಕೋಣೆಯಲ್ಲಿ ನಾಲ್ಕು ಮಂಚ, ನಾಲ್ಕು ಮಷೀನ್. ನಾಲ್ಕನೆಯದು ಕೆಟ್ಟು ಏಳು ತಿಂಗಳು. ಮೇಲೆ ಬೆಡ್‌ಶೀಟ್ ಹೊದಿಸಿದ್ದಾರೆ. ಅದು ಕೆಟ್ಟ ಮೇಲೆ ನಮಗೆಲ್ಲ ವಾರಕ್ಕೆ ಮೂರು ಸಲ ಇದ್ದದ್ದು ಎರಡಾಯಿತು. ಕಾಲು ಊದುತ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನು ನಾನು. ಒಂದು ಮಷೀನ್ ಏಳು ತಿಂಗಳು ನಿಂತಿದೆ ಅಂದರೆ ಕೆಟ್ಟಿರುವುದು ಮಷೀನಲ್ಲ.

ಪಕ್ಕದ ಮಂಚದಲ್ಲಿ ಮೇಷ್ಟ್ರು, ರಿಟೈರ್ ಆಗಿ ಹತ್ತು ವರ್ಷ. ಆಚೆ ಟೈಲರಮ್ಮ. ಮುಂದಿನ ತಿಂಗಳು ಎಲೆಕ್ಷನ್. ಇವತ್ತೂ ಶುರುವಾಯಿತು.

"ಮೊದಲು ಮನೆಮಂದಿ ಅನ್ನೋದ್ರಲ್ಲಿ ತಪ್ಪೇನಿದೆ ಮೇಷ್ಟ್ರೇ? ಮನೇಲಿ ಮೊದಲು ನಮ್ಮ ಮಕ್ಕಳಿಗೆ ತಾನೇ ಬಡಿಸೋದು?" ಟೈಲರಮ್ಮ.

"ಬಡಿಸಿ ತಾಯಿ, ಬೇಡ ಅಂದೋರ್ಯಾರು? ಯಾರು ಮನೆಮಂದಿ, ಯಾರಲ್ಲ ಅಂತ ಪಟ್ಟಿ ಬರೆಯೋರ್ಯಾರು, ಅದು ಹೇಳಿ."

"ಅದೆಲ್ಲ ಗೊತ್ತಿರೋದೇ."

"ನನಗೆ ಗೊತ್ತಿಲ್ಲಪ್ಪ. ಮೂವತ್ತಾರು ವರ್ಷ ಹಾಜರಿ ಕೂಗಿದೀನಿ. ಇವನು ನಮ್ಮವನಲ್ಲ ಅಂತ ಒಂದು ಹೆಸರೂ ಬಿಟ್ಟಿಲ್ಲ."

'ಮೊದಲು ಮನೆಮಂದಿ'— ಅದು ಟೈಲರಮ್ಮನ ಪಕ್ಷದ ಘೋಷಣೆ. ಜನರ ಬಾಯಲ್ಲಿ ಪಕ್ಷದ ಹೆಸರೇ ಮನೆಮಂದಿ ಪಕ್ಷ ಆಗಿಹೋಗಿದೆ. ಎರಡು ವರ್ಷದ ಹಿಂದೆ ಅವರ ಸಭೆಗೆ ಕುರ್ಚಿ ಹಾಕಿದವರೇ ಕೂತು ಎದ್ದು ಹೋಗುತ್ತಿದ್ದರು. ಈಗ ನಮ್ಮ ಬೀದಿಯಲ್ಲಿ ಮನೆ ಬಿಟ್ಟು ಮನೆಗೆ ಅವರ ಬಾವುಟ. ಹೊರಗಿನಿಂದ ಬಂದವರು ಕೆಲಸವನ್ನೂ ಕಿತ್ತುಕೊಂಡರು, ಕ್ಯೂನಲ್ಲೂ ಮುಂದೆ ನಿಂತರು ಅಂತ ಅವರ ಮಾತು. ಈಗ ಅಧಿಕಾರದಲ್ಲಿರುವ ಹಳಬರು ಒಂದು ಮಷೀನ್ ರಿಪೇರಿ ಮಾಡಿಸಿದ್ದರೆ ಆ ಮಾತಿಗೆ ನಾನೂ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಮಾತೆಲ್ಲ ಸಿಸ್ಟರ್ ಮುಂದೆಯೇ. ಅವಳು ಹುಟ್ಟಿದ್ದು ಇಲ್ಲಲ್ಲ, ಬಂದು ಹನ್ನೆರಡು ವರ್ಷ. ಟ್ಯೂಬು ನೋಡುತ್ತಾಳೆ, ಅಲಾರಂ ಆರಿಸುತ್ತಾಳೆ, ಕೇಳಿಸದವಳ ಹಾಗೆ ಇರುತ್ತಾಳೆ. ಬಿಡುವಾದರೆ ಮೇಷ್ಟ್ರ ಮಂಚದ ಹತ್ತಿರ ಸ್ಟೂಲ್ ಎಳೆದುಕೊಂಡು ಅಕ್ಷರ ತಿದ್ದುತ್ತಾಳೆ, ಔಷಧಿ ಡಬ್ಬದ ಹಿಂಬದಿಯಲ್ಲಿ. ನಮ್ಮ ಮಾತು ಎಂದೋ ಕಲಿತಿದ್ದಾಳೆ, ಓದು ಬರಹ ಈಗ. ಓದುವಾಗ ಸಾಲಿನ ಅಂಚಿಗೆ ಪೆನ್ಸಿಲಿನ ಚುಕ್ಕೆ ಇಡುತ್ತಾಳೆ. ಮಾತಂತೂ ನೀರು ಕುಡಿದಷ್ಟು ಸಲೀಸು— ಛೆ, ನೀರಿನ ಸುದ್ದಿಯೇ ಬೇಡ.

ಫೆಬ್ರವರಿ 7, ಶುಕ್ರವಾರ

ಸಿಸ್ಟರ್ ರಜೆ. ಬೇರೆ ವಾರ್ಡಿನಿಂದ ಬಂದವನು ನಾಲ್ಕು ಸಲ ಚುಚ್ಚಿದ. ತೋಳು ಬದನೆಕಾಯಿ ಬಣ್ಣ.

ನನ್ನ ಎಡಗೈಯಲ್ಲಿ ನರ ಆಳದಲ್ಲಿದೆ, ಅಡ್ಡಾದಿಡ್ಡಿ ತಿರುಗಿದೆ. ಎರಡು ಸೂಜಿ ಹೋಗಬೇಕು, ಒಂದು ರಕ್ತ ಹೊರಗೆ ತರಲು, ಇನ್ನೊಂದು ತೊಳೆದದ್ದನ್ನು ಒಳಗೆ ಬಿಡಲು. ಸಿಸ್ಟರ್ ಕಣ್ಣು ಮುಚ್ಚಿ ಬೆರಳಿಡುತ್ತಾಳೆ. ಒಳಗಿನ ಗುಂಯ್ ಅನ್ನುವ ಮಿಡಿತ ಕಾಯುತ್ತಾಳೆ. ನಾನು ಲಿಫ್ಟಿನ ರೋಪಿಗೆ ಅಂಗೈ ಒತ್ತಿ ಎಲ್ಲಿ ಸವೆದಿದೆ ಅಂತ ಹೇಳುತ್ತಿದ್ದೆ, ಅದೇ ಥರ. ಪ್ರತಿಸಲವೂ ಅದೇ ಎರಡು ತೂತು, ಅದೇ ಕೋನ. ಚುಚ್ಚುವ ಮೊದಲು ಅದೇ ಮಾತು: "ನೋವಾದ್ರೆ ಹೇಳಿ ಅಣ್ಣ. ಸುಮ್ಮನಿರಬೇಡಿ."

ಐದು ವರ್ಷದಲ್ಲಿ ಹೇಳುವ ಪ್ರಸಂಗ ಬಂದಿಲ್ಲ.

ಫೆಬ್ರವರಿ 14, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಆದರೂ.

ತೂಕ 67.9. ನಿನ್ನೆ ಸೆಕೆ ತಡೆಯಲಾಗಲಿಲ್ಲ. ಹೆಂಡತಿ ಲೋಟ ಬಚ್ಚಿಟ್ಟಿದ್ದಳು. ಬಚ್ಚಲಿಗೆ ಹೋಗಿ ನಲ್ಲಿಗೆ ಬಾಯಿಟ್ಟು ಕುಡಿದೆ, ಐವತ್ತೆಂಟು ವರ್ಷದ ಗಂಡಸು. ಲೆಕ್ಕದಲ್ಲಿ ಮೂರು ಲೋಟ ಅಂತ ಬರೆದೆ.

ಸಿಸ್ಟರ್ ಎಲ್ಲರೆದುರಿಗೆ ಹಿಡಿದಳು. "ಅಣ್ಣ, ಪುಸ್ತಕದಲ್ಲಿ ಮೂರು ಲೋಟ, ಹೊಟ್ಟೇಲಿ ಕೆರೆ! ನನಗೆ ಸುಳ್ಳು ಬರೆದು ನಿಮಗೇನು ಸಿಗುತ್ತೆ? ಎದೆಗೆ ನೀರು ಏರಿದ್ರೆ ನೀವು ಮನೇಲಿ, ನಾನಿಲ್ಲಿ. ಏನು ಮಾಡ್ಲಿ ಆಗ?" ಟೈಲರಮ್ಮ ಕಿಸಕ್ಕನೆ ನಕ್ಕರು. ಮೇಷ್ಟ್ರೂ.

ನನ್ನ ಮಗಳಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು ಅಷ್ಟೆ. ಕಿವಿ ಬಿಸಿಯಾಯಿತು.

ಹೊರಗೆ ಬರುವಾಗ ಗೇಟಿನ ಪಕ್ಕ ಮನೆಮಂದಿಯವರ ಟೇಬಲ್. ರೋಗಿಗಳ ಮನವಿ ಪತ್ರ. ಒಂದು, ಕೆಟ್ಟ ಮಷೀನಿಗೆ ಬದಲು ಹೊಸದು. ಎರಡು, ಮತ್ತೆ ವಾರಕ್ಕೆ ಮೂರು ಸಲ. ಮೂರು, ಆಸ್ಪತ್ರೆಯ ಕೆಲಸ ಮೊದಲು ನಮ್ಮವರಿಗೆ. ಕೂತಿದ್ದವರು ಎದ್ದು ನನಗೆ ಕುರ್ಚಿ ಕೊಟ್ಟರು, ತೋಳು ನೋಡಿ ಲೊಚಗುಟ್ಟಿದರು. ಏಳು ತಿಂಗಳಲ್ಲಿ ಅಷ್ಟು ಕೇಳಿದವರೂ ಇರಲಿಲ್ಲ.

ಸಹಿ ಹಾಕಿದೆ. ಮೂರನೆಯದನ್ನು ಓದಲಿಲ್ಲ ಅಂತ ಬರೆದರೆ ಇದೂ ನೀರಿನ ಲೆಕ್ಕವಾಗುತ್ತದೆ. ಓದಿದೆ. ಓದಿಯೇ ಹಾಕಿದೆ.

ಮಾರ್ಚ್ 2, ಭಾನುವಾರ. ಮಧ್ಯಾಹ್ನ

ವೋಟ್ ಹಾಕಿ ಬಂದೆವು.

ಲಿಫ್ಟ್ ಬರಲಿಲ್ಲ ಅಂತ ಜನ ಬಟನ್ನಿಗೆ ಗುದ್ದುತ್ತಾರೆ. ಹಾಗೆ ಗುದ್ದುವವರನ್ನು ಮೂವತ್ತು ವರ್ಷ ನೋಡಿ ಒಳಗೊಳಗೇ ನಕ್ಕಿದ್ದೇನೆ. ಗುದ್ದಿದರೆ ಲಿಫ್ಟ್ ಬೇಗ ಬರುವುದಿಲ್ಲ, ಬಟನ್ ಹಾಳಾಗುತ್ತದೆ ಅಷ್ಟೆ. ಇವತ್ತು ನಾನೂ ಗುದ್ದಿದೆ.

"ಯಾರಿಗೆ ಹಾಕಿದ್ರಿ?" ಹೆಂಡತಿ ದಾರಿಯಲ್ಲಿ ಕೇಳಿದಳು.

"ಸಿಟ್ಟಿಗೆ."

ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. "ಸಿಟ್ಟು ನಿಮ್ಮದು. ಆಮೇಲೆ ಅನುಭವಿಸೋರು ಯಾರೋ," ಅಂದಳು.

ಮಾರ್ಚ್ 4, ಮಂಗಳವಾರ

ಗೆದ್ದರು. ಸುಮ್ಮನೆ ಅಲ್ಲ, ಹಳಬರ ಠೇವಣಿ ಹೋಗುವಷ್ಟು.

ಟೈಲರಮ್ಮ ಪೆಪ್ಪರ್‌ಮಿಂಟ್ ಹಂಚಿದರು. ಚಾಕೊಲೇಟ್ ನಮಗೆ ಆಗದು. ಸಿಸ್ಟರಿಗೂ ಒಂದು ಕೊಟ್ಟರು. ಅವಳು "ಥ್ಯಾಂಕ್ಸ್ ಅಕ್ಕ" ಅಂತ ತೆಗೆದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡಳು. ತಿನ್ನಲಿಲ್ಲ.

ಮೇಷ್ಟ್ರು ನನ್ನ ಕಡೆ ತಿರುಗಿ, "ನೀವು?" ಅಂದರು.

"ಹಳಬರಿಗೇ. ಇನ್ನೇನು."

ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಅಂತ ಗೊತ್ತಿರಲಿಲ್ಲ. ಸಿಸ್ಟರ್ ಅಲ್ಲೇ ಇದ್ದಳು, ನನ್ನ ಟ್ಯೂಬಿನ ಗಾಳಿಗುಳ್ಳೆ ನೋಡುತ್ತಾ.

ಏಪ್ರಿಲ್ 11, ಶುಕ್ರವಾರ

ಹೊಸ ಮಷೀನ್ ಬಂತು!

ಬೆಡ್‌ಶೀಟ್ ಹೊದ್ದಿದ್ದ ಹಳೆಯದನ್ನು ತಳ್ಳಿಕೊಂಡು ಹೋದರು. ಹೊಸದಕ್ಕೆ ಬಣ್ಣದ ಸ್ಕ್ರೀನ್. ಯಾರೋ ಮುಖಂಡರು ಬಂದು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ನನ್ನ ಕೈ ಕುಲುಕಿದರು, ಬಲಗೈ. ಮುಂದಿನ ತಿಂಗಳಿಂದ ಮತ್ತೆ ವಾರಕ್ಕೆ ಮೂರು ಸಲ ಅಂದರು.

ಟೈಲರಮ್ಮನಿಗೆ ಕುಣಿಯುವುದೊಂದು ಬಾಕಿ. "ನೋಡಿದ್ರಾ ಮೇಷ್ಟ್ರೇ? ಐದೇ ವಾರ!" ಮೇಷ್ಟ್ರು ಗೋಡೆ ಕಡೆ ತಿರುಗಿ ಮಲಗಿದರು.

ನನಗೆ ಖುಷಿಯಾಯಿತು. ಗುದ್ದಿದ್ದಕ್ಕೆ ಲಿಫ್ಟ್ ಬಂದೇಬಿಟ್ಟಿತಲ್ಲ ಅಂದುಕೊಂಡೆ. ಮನೆಗೆ ಹೋಗಿ ಹೆಂಡತಿಗೆ ಹೇಳುವಾಗ ಸ್ವಲ್ಪ ಎದೆ ಉಬ್ಬಿಸಿಯೇ ಹೇಳಿದೆ.

ಮೇ 6, ಮಂಗಳವಾರ

ನೋಟಿಸ್ ಬೋರ್ಡಿನಲ್ಲಿ ಆರ್ಡರ್. ಹೊರಗೆ ಹುಟ್ಟಿದ ಕಾಂಟ್ರ್ಯಾಕ್ಟ್ ಸಿಬ್ಬಂದಿಯನ್ನು ಮುಂದುವರಿಸುವುದಿಲ್ಲ. ಈ ತಿಂಗಳ ಕೊನೆಗೆ ಮುಕ್ತಾಯ. ನಮ್ಮ ಆಸ್ಪತ್ರೆಯಿಂದ ಹನ್ನೊಂದು ಜನ. ಏಳನೇ ಹೆಸರು ಸಿಸ್ಟರದು.

ಮೇಲೆ ಒಂದು ಸಾಲು: ರೋಗಿಗಳ ಕೋರಿಕೆಯ ಮೇರೆಗೆ. ಕೆಳಗೆ ಮನವಿ ಪತ್ರದ ಪ್ರತಿ, ಸಹಿಗಳ ಸಮೇತ. ಒಂಬತ್ತನೇ ಸಹಿ ನನ್ನದೇ. ಪಕ್ಕದಲ್ಲಿ ಹೆಸರು, ದುಂಡಗೆ, ಯಾರು ಬೇಕಾದರೂ ಓದುವ ಹಾಗೆ. ಬೋರ್ಡಿಗೆ ಬೆನ್ನು ಕೊಟ್ಟು ನಿಂತೆ, ಜನ ಹೋಗುವ ತನಕ. ಕಳ್ಳನ ಹಾಗೆ.

ಒಳಗೆ ಟೈಲರಮ್ಮ ಅಳುತ್ತಿದ್ದರು. "ನಾವು ಸಿಸ್ಟರನ್ನ ಅಂದಿದ್ದಲ್ಲವಲ್ಲ! ಬೇರೆಯವರನ್ನ ಅಂದಿದ್ದು. ನಮ್ಮ ಸಿಸ್ಟರ್ ಬೇರೆ ಅಲ್ವಾ?"

"ಎಲ್ಲರಿಗೂ ಒಬ್ಬೊಬ್ಬ ಸಿಸ್ಟರ್ ಇರ್ತಾರಮ್ಮ. ಅವರೆಲ್ಲ ಸೇರಿಯೇ ಆ ಪಟ್ಟಿ," ಅಂದರು ಮೇಷ್ಟ್ರು. ಅಷ್ಟಕ್ಕೇ ನಿಲ್ಲಿಸುತ್ತಾರೆ ಅಂದುಕೊಂಡೆ. ತಗ್ಗಿದ ದನಿಯಲ್ಲಿ ಮುಂದುವರಿಸಿದರು: "ನಾನು ವೋಟಿಗೆ ಹೋಗಲೇ ಇಲ್ಲ. ಆವತ್ತು ಕಾಲು ಊದಿತ್ತು. ನಾನೊಬ್ಬ ಹೋಗದಿದ್ರೆ ಏನಾಗುತ್ತೆ ಅಂತ ಮಲಗಿಬಿಟ್ಟೆ. ಇಷ್ಟು ಬಾಯಿ ಮಾಡಿ."

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಟೈಲರಮ್ಮ ಅತ್ತರು, ಮೇಷ್ಟ್ರು ಒಪ್ಪಿಕೊಂಡರು. ನಾನು ಚಾವಣಿ ನೋಡುತ್ತಾ ಮಲಗಿದೆ.

ಸಿಸ್ಟರ್ ಎಂದಿನ ಹಾಗೆ ಬಂದಳು. ಕಣ್ಣು ಮುಚ್ಚಿ ಬೆರಳಿಟ್ಟಳು. "ನೋವಾದ್ರೆ ಹೇಳಿ ಅಣ್ಣ."

ಮೇ 20, ಮಂಗಳವಾರ

ಮೂವರೂ ಸೇರಿ ಅರ್ಜಿ ಬರೆದೆವು, ಸಿಸ್ಟರನ್ನು ಉಳಿಸಿಕೊಡಿ ಅಂತ. ಮೇಷ್ಟ್ರ ಒಕ್ಕಣೆ. ಕೊಡಲು ನಾನೇ ಹೋದೆ. ಆಫೀಸಿನ ಗುಮಾಸ್ತ ಕನ್ನಡಕ ಏರಿಸಿ ಸಹಿ ನೋಡಿದ, ಫೈಲು ತೆಗೆದು ಇನ್ನೊಂದು ಸಹಿ ನೋಡಿದ.

"ಕಳಿಸಿ ಅಂದೋರೂ ನೀವೇ, ಇಟ್ಕೊಳ್ಳಿ ಅನ್ನೋರೂ ನೀವೇ. ನಾವು ಯಾವುದನ್ನ ಮೇಲಕ್ಕೆ ಕಳಿಸೋಣ ಸರ್?"

ಅವನ ತಪ್ಪಿಲ್ಲ. ಅರ್ಜಿ ಇಟ್ಟು ಬಂದೆ. ಮೇಷ್ಟ್ರಿಗೆ "ನೋಡ್ತೀವಿ ಅಂದ್ರು" ಅಂದೆ.

ಮೇ 30, ಶುಕ್ರವಾರ. ಸಂಜೆ, ಮನೆಯಲ್ಲಿ

ಸಿಸ್ಟರ್‌ನ ಕೊನೆಯ ದಿನ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸೂಜಿ ಹಾಕಿ ಆಯಿತು. ಸ್ಟೂಲ್ ಎಳೆದುಕೊಂಡು ಕೂತಳು. "ಅಣ್ಣ, ಮಂಗಳವಾರ ಹೊಸಬಳು ಬರ್ತಾಳೆ. ನಿಮ್ಮ ಕೈ ಅವಳಿಗೆ ಗೊತ್ತಾಗಲ್ಲ. ಬರೆದು ಇಡ್ತೀನಿ. ಆ ನೋಟ್‌ಬುಕ್ ಕೊಡಿ."

ಕೊಟ್ಟೆ. ಅವಳು ನೋಡುವುದು ಯಾವಾಗಲೂ ಮುಂದಿನ ಪುಟಗಳನ್ನೇ, ನೀರಿನ ಲೆಕ್ಕ. ಆದರೆ ಅಲ್ಲಿ ಜಾಗ ಮುಗಿದಿತ್ತು. ಖಾಲಿ ಪುಟ ಹುಡುಕುತ್ತಾ ಹಿಂದಿನಿಂದ ತಿರುಗಿಸಿದಳು.

ಕೈ ಚಾಚಿ ಕಸಿದುಕೊಳ್ಳೋಣವೆಂದರೆ ಎಡಗೈಯಲ್ಲಿ ಎರಡು ಸೂಜಿ. ಬಲತೋಳಿನ ಪಟ್ಟಿ ಅದೇ ಹೊತ್ತಿಗೆ ಉಬ್ಬತೊಡಗಿತು. "ಕೈ ಅಲ್ಲಾಡಿಸಬೇಡಿ," ಅಂದಳು ಪುಟದಿಂದ ಕಣ್ಣೆತ್ತದೆ.

ಒಂದು ಪುಟದ ಮೇಲೆ ಅವಳ ಬೆರಳು ನಿಂತಿತು. ಎಷ್ಟು ಹೊತ್ತು? ಪಟ್ಟಿ ಉಬ್ಬಿ ಇಳಿಯುವಷ್ಟು. ಆಮೇಲೆ ಎದುರಿನ ಖಾಲಿ ಪುಟದಲ್ಲಿ ನನ್ನ ತೋಳು ಬರೆದಳು, ಮೊಣಕೈಯಿಂದ ಮಣಿಕಟ್ಟಿನವರೆಗೆ. ನರ ಎಲ್ಲಿ ತಿರುಗುತ್ತದೆ, ಎಲ್ಲಿ ಆಳಕ್ಕೆ ಹೋಗುತ್ತದೆ, ಎರಡು ಚುಕ್ಕೆ, ಸೂಜಿಯ ಓರೆ ಎಷ್ಟು. ಬೆರಳಿನಿಂದ ಅಳೆದು ಅಳೆದು ಬರೆದಳು. ನಾನು ನೋಡಿದ ಯಾವ ಲಿಫ್ಟಿನ ನಕ್ಷೆಯೂ ಅಷ್ಟು ಚೊಕ್ಕವಾಗಿರಲಿಲ್ಲ.

ಬಿಪಿ 180 ತೋರಿಸಿತು. "ಯಾಕಣ್ಣ ಇಷ್ಟೊಂದು?" ಅಂದಳು.

"ಏನಿಲ್ಲ," ಅಂದೆ.

ನೋಟ್‌ಬುಕ್ ಮುಚ್ಚಿ ನನ್ನ ಹೊಟ್ಟೆಯ ಮೇಲಿಟ್ಟಳು. "ನೀರಿನ ಲೆಕ್ಕ ಇನ್ಮೇಲಾದ್ರೂ ಸರಿಯಾಗಿ ಬರೀರಿ. ಕೇಳೋಕೆ ನಾನಿರಲ್ಲ." ನಗುತ್ತಲೇ ಅಂದಳು. ಮೇಷ್ಟ್ರ ಕಾಲು ಮುಟ್ಟಿದಳು. ಟೈಲರಮ್ಮ ತಬ್ಬಿಕೊಂಡರು. ನನ್ನ ಹತ್ತಿರ ಮತ್ತೆ ಬಂದು ಎಡಗೈ ಮೇಲೆ ಒಂದು ಗಳಿಗೆ ಅಂಗೈ ಇಟ್ಟಳು, ಮಿಡಿತ ನೋಡುವವಳ ಹಾಗೆ.

ಓದಿದಳೋ ಇಲ್ಲವೋ? ಆ ಪುಟ ಮೇ 6ರದು, ಅದರ ಅಡಿಯಲ್ಲೇ 20ರದು. ಈಗ ಅವಳಿಗೆ ಚೆನ್ನಾಗಿ ಓದಲು ಬರುತ್ತದೆ.

ಜೂನ್ 3, ಮಂಗಳವಾರ

ಹೊಸಬಳು ಬಂದಿದ್ದಾಳೆ. ಒಳ್ಳೆಯ ಹುಡುಗಿ, ನಮ್ಮವಳೇ. ಕೆಲಸ ಹೊಸದು. ಇಡೀ ಕೋಣೆಗೆ ಒಬ್ಬಳೇ. ಆ ಹೊಸ ಮಷೀನ್ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ, ನಡೆಸುವವರಿಲ್ಲ. ಈಗಲೂ ವಾರಕ್ಕೆ ಎರಡೇ ಸಲ.

ಎದೆಯ ಮೇಲೆ ನೋಟ್‌ಬುಕ್ ತೆರೆದು ಹಿಡಿದೆ. ಅವಳು ನಕ್ಷೆ ನೋಡಿದಳು, ಕೈ ನೋಡಿದಳು, ಮತ್ತೆ ನಕ್ಷೆ. ಮೊದಲನೆಯದು ತಪ್ಪಿತು. ಎರಡನೆಯದೂ. ಮೂರನೆಯದು ಒಳಗೆ ಹೋಯಿತು, ಆಮೇಲೆ ಇನ್ನೊಂದು ಸೂಜಿಯೂ.

"ನೋವಾಗ್ತಿದೆಯಾ ಸರ್?"

"ಇಲ್ಲಮ್ಮ."

ಅವಳು ಆಚೆ ಹೋದ ಮೇಲೆ ಪುಟ ನನ್ನ ಕಡೆ ತಿರುಗಿಸಿಕೊಂಡೆ. ನಾಲ್ಕು ದಿನದಿಂದ ಈ ಪುಟ ತೆರೆಯುವ ಧೈರ್ಯವಾಗಿರಲಿಲ್ಲ. ಚಿತ್ರದ ಕೆಳಗೆ, ಮೇಷ್ಟ್ರು ಕಲಿಸಿದ ದಪ್ಪ ಅಕ್ಷರಗಳಲ್ಲಿ ಒಂದು ಸಾಲು ಇದೆ. ಹೊಸಬಳಿಗಲ್ಲ, ನನಗೆ.

ನೋವಾದರೆ ಹೇಳಿ ಅಣ್ಣ. ಸುಮ್ಮನಿರಬೇಡಿ.

ಎದುರು ಪುಟದಲ್ಲಿ ನನ್ನ ಅಕ್ಷರ: ಒಂಬತ್ತನೇ ಸಹಿ ನನ್ನದೇ. ಆ ಸಾಲಿನ ಅಂಚಿನಲ್ಲಿ ಪೆನ್ಸಿಲಿನ ಒಂದು ಚುಕ್ಕೆ, ಓದುತ್ತಾ ಓದುತ್ತಾ ಸಾಲು ತಪ್ಪಬಾರದೆಂದು ಅವಳು ಇಡುತ್ತಿದ್ದಂಥದ್ದು.

ಓದಿದ್ದಾಳೆ. ಓದಿ ಆದ ಮೇಲೆ ನನ್ನ ಕೈ ಬರೆದಿದ್ದಾಳೆ. ಅಷ್ಟು ಚೊಕ್ಕವಾಗಿ.

ನೋವಾಗುತ್ತಿದೆ. ತೋಳು ಊದುತ್ತಿದೆ. ಹೊಸಬಳನ್ನು ಕರೆಯಬೇಕು, ಕರೆಯುತ್ತೇನೆ, ಇದೊಂದು ಬರೆದು. ಐದು ವರ್ಷ ನೀವು ಪ್ರತಿಸಲ ಕೇಳಿದಿರಿ, ನಾನು ಒಂದು ಸಲವೂ ಬಾಯಿ ಬಿಡಲಿಲ್ಲ. ಸಿಸ್ಟರ್, ಆವತ್ತು ಗೇಟಿನ ಹತ್ತಿರ ನಾನು