ಅಟ್ಟದ ಮೇಲಿದ್ದ ಬಾಟಲಿ

೨೪ ಏಪ್ರಿಲ್ ೨೦೨೫, ಗುರುವಾರ

ಹತ್ತಕ್ಕೆ ಮೂರು ಮಾರ್ಕ್ಸ್ ಅಂದುಬಿಟ್ಟೆ. ಅಪ್ಪನ ಮುಖ ಇನ್ನೂ ಕಣ್ಣ ಮುಂದಿದೆ.

ನಮ್ಮ ತೋಟದ ದ್ರಾಕ್ಷಿಯಿಂದ ಮಾಡಿದ ಮೊದಲ ವೈನು ಅದು. ಹೋದ ತಿಂಗಳು, ನಮ್ಮ ಹಣ್ಣು ಕೊಂಡ ವೈನ್ ಫ್ಯಾಕ್ಟರಿಯವರು ಒಂದು ಬಾಟಲಿ ಕೊಟ್ಟಿದ್ದರು. ಅಪ್ಪ ಲಿಂಗ ಕಟ್ಟಿದವನು, ಮುಟ್ಟುವುದಿಲ್ಲ. ಒಂಬತ್ತನೇ ಇಯತ್ತೆಗೆ ಸಾಲೆ ಬಿಟ್ಟ ನಾನು ಜಮಖಂಡಿಯಲ್ಲಿ ಸಿಗುವ ಅಗ್ಗದ ವೈನುಗಳಿಗೆಲ್ಲ ಹಳೇ ನೋಟ್‌ಬುಕ್ಕಿನಲ್ಲಿ ಮಾರ್ಕ್ಸ್ ಹಾಕುವುದು ಅವನಿಗೆ ಗೊತ್ತು. ಅದಕ್ಕೇ ಇವತ್ತು ರುಚಿ ನೋಡಿ ಹೇಳು ಅಂದ.

ರೊಟ್ಟಿ, ಎಣ್ಣೆಗಾಯಿ ಜೊತೆ ಕುಡಿದೆ. ಶೇಂಗಾ ಮಸಾಲೆ ಎಂಥ ಹುಳಿ ವೈನನ್ನೂ ಮೆತ್ತಗೆ ಮಾಡುತ್ತದೆ. ಇದನ್ನು ಮಾಡಲಿಲ್ಲ. ಕುದಿಸಿದ ಹಣ್ಣಿನ ರುಚಿ.

“ನಮ್ಮ ಹಣ್ಣ ಅಷ್ಟ ಕೆಟ್ಟೈತೇನಲೇ?”

“ನಾಲಿಗಿಗೆ ಹತ್ತಿದ್ದ ಹೇಳೇನಿ, ಅಪ್ಪಾ.”

“ಹಂಗಾರ ಬಳ್ಳಿ ಕಿತ್ತ ಕಬ್ಬ ಹಚ್ಚೂದ ಛಲೋ.”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ನಾನ ಅದನ್ನ ಅಟ್ಟದ ಮ್ಯಾಲ ಮುಚ್ಚಿಟ್ಟಿದ್ನಿ, ತಗಡಿನ ಬುಡಕ. ಬೀಗರು ಕಂಡ್ರ ಏನಂದಾರು?”

ಈ ಬಿಸಿಲಲ್ಲಿ, ಕಾದ ತಗಡಿನ ಕೆಳಗೆ ಒಂದು ತಿಂಗಳು! ಕಾದರೆ ಎಂಥ ವೈನೂ ಕೆಡುತ್ತದೆ. ಹಣ್ಣಿನ ತಪ್ಪಿಲ್ಲ ಎಂದು ಅಪ್ಪನಿಗೆ ಹೇಳಬಹುದಿತ್ತು. ಆದರೆ ಕೆಡಿಸಿದ್ದು ಹಣ್ಣೋ ಬಿಸಿಲೋ, ನನಗೇ ಗೊತ್ತಿಲ್ಲ. ನೋಟ್‌ಬುಕ್ಕಿನಲ್ಲಿ ಮೂರನ್ನು ಹೊಡೆದು ಹಾಕಿದೆ, ಬೇರೆ ಏನೂ ಬರೆಯಲಿಲ್ಲ.

“ಇನ್ನೊಂದ ಬಾಟ್ಲಿ ತಂದು ತಂಪಿನ್ಯಾಗ ಇಟ್ಟ ನೋಡೂಣು,” ಎಂದೆ.

“ಅಲ್ಲೀತನಾ ಬಳ್ಳಿ ಇರ್ಲಿ,” ಅಂದ ಅಪ್ಪ.

ಫ್ರಿಜ್ಜಿಲ್ಲದ ನಮ್ಮ ಮನೆಯಲ್ಲಿ ಬೇಸಗೆಯಲ್ಲೂ ತಂಪಾಗಿರುವುದು ದೇವರ ಕೋಣೆ ಒಂದೇ. ನಾನೂ ಅಪ್ಪನೂ ಅತ್ತ ನೋಡಿದೆವು.

“ಆ ಕಡೆ ನೋಡಬ್ಯಾಡ್ರಿ,” ಅಂದಳು ಅವ್ವ.

ಈಗ ಅಲ್ಲಿ ಅವಳು ಎಣ್ಣೆ ಡಬ್ಬಿಗಳನ್ನು ಒಂದು ಮೂಲೆಗೆ ಸರಿಸುವ ಸದ್ದು ಕೇಳುತ್ತಿದೆ. ಬಾಟಲಿಗೆ ಜಾಗ ಮಾಡುತ್ತಿದ್ದಾಳೇನು ಎಂದು ಎದ್ದು ಹೋಗಿ ಕೇಳಲೋ, ಬೇಡವೋ.