ನನಗಿಲ್ಲದ ತಂಗಿಯರು

ಬುಧವಾರ, ಮಧ್ಯಾಹ್ನ
ನಿನ್ನ ಸೋದರಮಾವನ ಮನೆ, ಹಿಂದಿನ ಕೋಣೆ

ನನ್ನ ಗುಬ್ಬಿಗೆ,

ಸಮವಸ್ತ್ರ ತೊಟ್ಟವಳನ್ನು ಗುಬ್ಬಿ ಎಂದು ಕರೆಯಬೇಡ, ಜೊತೆಯವರ ಕಿವಿಗೆ ಬಿದ್ದರೆ ನನ್ನ ಮರ್ಯಾದೆ ಏನಾಗಬೇಕು ಎಂದು ನೀನು ಗದರುತ್ತಿದ್ದೆ. ಇವತ್ತೊಂದು ದಿನ ಸಹಿಸಿಕೋ. ನಿನ್ನ ಹುದ್ದೆಯ ಹೆಸರು ಬರೆಯಲು ಕೈ ಬರುತ್ತಿಲ್ಲ. ಸೋಮವಾರದ ವಿಚಾರಣೆಯ ನಂತರ ಆ ಹುದ್ದೆ ನಿನಗೆ ಉಳಿಯುತ್ತದೋ ಇಲ್ಲವೋ. ಹೋದರೆ ಅದನ್ನು ಕಿತ್ತುಕೊಂಡವಳು ನಾನೇ.

ನಾನು ಕ್ಷೇಮ. ಕಣ್ತುಂಬ ನಿದ್ದೆ ಬರುತ್ತಿದೆ ಎಂದು ಬರೆದರೆ ನೀನು ನಂಬುವವಳಲ್ಲ. ನಿನ್ನ ಮಾವ ತನ್ನ ಬಣ್ಣದ ಡಬ್ಬಿಗಳನ್ನೆಲ್ಲ ಮೂಲೆಗೆ ತಳ್ಳಿ ನನಗೊಂದು ಮಂಚ ಹಾಕಿಕೊಟ್ಟಿದ್ದಾನೆ. ಟರ್ಪೆಂಟೈನ್ ವಾಸನೆಗೆ ತಲೆ ಸಿಡಿಯುತ್ತದೆ. ನಿನ್ನ ಅತ್ತೆ ನನ್ನ ಜೊತೆ ಜಗಳವಾಡುವುದಿಲ್ಲ, ಪಾತ್ರೆಗಳ ಜೊತೆ ಆಡುತ್ತಾಳೆ. ಯಾರಾದರೂ ಎದುರಿಗೆ ನಿಂತು ನಾಲ್ಕು ಮಾತು ಬೈದರೆ ಹಗುರಾದೀತು ಅನ್ನಿಸುತ್ತದೆ. ಮಾವನಂತೂ "ಹೋಗ್ಲಿ ಬಿಡಕ್ಕ, ಪಾಪ, ನಿಂಗೇನು ಗೊತ್ತಿತ್ತು" ಎನ್ನುತ್ತಾನೆ. ಎಲ್ಲರೂ ಅದನ್ನೇ ಹೇಳುತ್ತಾರೆ. ಎಲ್ಲರನ್ನೂ ನೀನೇ ತಾನೇ ಹಾಗೆ ನಂಬಿಸಿದ್ದು!

ನನಗೆ ಗೊತ್ತಿತ್ತು, ಗುಬ್ಬಿ. ಈ ಒಂದು ಸಾಲು ಬರೆಯುವುದಕ್ಕೆ ಬೆಳಗಿನಿಂದ ಕೂತಿದ್ದೇನೆ.

ಶುರುವಾದದ್ದು ನನ್ನ ಮಂಡಿಯಿಂದ. ಹಾಗೆಂದರೆ ತಪ್ಪನ್ನು ಮಂಡಿಯ ಮೇಲೆ ಹಾಕಿದಂತಾಗುತ್ತದೆ, ಆದರೂ ಅಲ್ಲಿಂದಲೇ ಹೇಳುತ್ತೇನೆ. ನೀನು ನನ್ನನ್ನು ಮಿಲಿಟರಿ ಕ್ಯಾಂಪಿನ ಕ್ವಾರ್ಟರ್ಸಿಗೆ ಕರೆದುಕೊಂಡು ಬಂದ ಹೊಸದರಲ್ಲಿ ಡಾಕ್ಟರು ನೀರಿನಲ್ಲಿ ನಡೆಯಿರಿ ಎಂದರು. ನೀನು ಯಾರ್ಯಾರನ್ನೋ ಕೇಳಿ, ಕ್ಯಾಂಪಿನ ಈಜುಕೊಳದಲ್ಲಿ ಹೆಂಗಸರಿಗೆ ಬಿಡುವ ಹೊತ್ತಿಗೆ ನನಗೊಂದು ಕಾರ್ಡು ಮಾಡಿಸಿಕೊಟ್ಟೆ. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದುಕೊಂಡು ಆ ಕಡೆಯಿಂದ ಈ ಕಡೆಗೆ ನಡೆಯುವುದು! ಮೊದಲ ದಿನ ನನಗೇ ನಗು ತಡೆಯಲಾಗಲಿಲ್ಲ. ಬರಬರುತ್ತಾ ಮೆಟ್ಟಿಲು ಹತ್ತಿದೆ, ನೆಲದ ಮೇಲೆ ಕೂತು ಎದ್ದೆ. ಆ ಖುಷಿ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ. ಗೇಟಿನ ಹೊರಗಿನ ಬ್ಯೂಟಿ ಪಾರ್ಲರಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡೆ.

ಪಾರ್ಲರಿನಾಕೆ ನನ್ನ ತಲೆಗೆ ಬಣ್ಣ ಹಚ್ಚುತ್ತಾ, "ಮಂಡಿ ಹಿಡ್ಕೊಂಡು ಅಳೋರು ನನ್ನ ಹತ್ರ ದಿನಾ ಬರ್ತಾರೆ ಅಕ್ಕ. ಒಬ್ಬರನ್ನಾದ್ರೂ ಒಳಗೆ ಕರ್ಕೊಂಡು ಹೋಗಿ" ಎಂದಳು. ಕ್ಯಾಂಪಿನಲ್ಲಿ ಹತ್ತಿರದ ಬಂಧುಗಳನ್ನು ಬಿಟ್ಟು ಬೇರೆಯವರಿಗೆ ಪ್ರವೇಶ ಇಲ್ಲವಲ್ಲ ಎಂದೆ. "ಬಂಧು ಅಂದ್ರೆ ಆಯ್ತು. ಯಾರು ನೋಡೋಕೆ ಹೋಗ್ತಾರೆ?" ಎಂದಳು. ಅವಳು ಹೇಳಿದ್ದು ಅಷ್ಟೇ. ಮಿಕ್ಕಿದ್ದೆಲ್ಲ ನನ್ನದೇ ತಲೆ. ಅವಳೇ ನಿನ್ನನ್ನು ಕೆಡಿಸಿದ್ದು ಎಂದು, ನಿನ್ನನ್ನು ಕರೆದೊಯ್ಯುವ ಮೊದಲು ನೀನು ನನಗೆ ಅಂದೆಯಲ್ಲ. ಅಯ್ಯೋ ಹುಚ್ಚಿ, ಕೆಡಿಸುವುದಕ್ಕೆ ನಾನೇನು ಹಾಲೇ?

ಗೇಟಿನ ಪದ್ಧತಿ ನನಗೆ ಬಾಯಿಪಾಠವಾಗಿತ್ತು. ಬಂದವರು ಗಾಜಿನ ಕಿಂಡಿಯ ಮುಂದೆ ನಿಂತು ಯಾವ ಮನೆ, ಏನು ಸಂಬಂಧ ಎಂದು ಹೇಳಬೇಕು. ಕಾವಲಿನವರು ಮನೆಗೆ ಫೋನು ಮಾಡುತ್ತಾರೆ. ಮನೆಯವರು "ನಮ್ಮೋರೇ, ಬಿಡಿ" ಎಂದರೆ ಮುಗಿಯಿತು, ಕೊರಳಿಗೆ ಅತಿಥಿ ಬಿಲ್ಲೆ ಬೀಳುತ್ತದೆ. ನೀನು ಡ್ಯೂಟಿಗೆ ಹೋದ ಮೇಲೆ ಮನೆಯವರು ಎಂದರೆ ನಾನೊಬ್ಬಳೇ. ಹೀಗೆ ನನಗೆ ತಂಗಿಯರು ಹುಟ್ಟಿಕೊಂಡರು. ಒಬ್ಬ ತಮ್ಮನನ್ನು ಬಿಟ್ಟರೆ ಒಡಹುಟ್ಟಿದವರಿಲ್ಲದ ನನಗೆ ಬೆಳ್ಳಗಿನ ತಂಗಿ, ಕಪ್ಪನೆಯ ತಂಗಿ, ನನಗಿಂತ ಹಿರಿಯಳಾಗಿ ಕಾಣುವ ತಂಗಿ! ಗೇಟಿನ ಮೀಸೆಯವನು ಒಂದು ದಿನ, "ನಿಮ್ಮ ಅಪ್ಪ ಅಮ್ಮನಿಗೆ ಬೇರೆ ಕೆಲಸವೇ ಇರಲಿಲ್ವಾ ಅಮ್ಮ?" ಎಂದು ಕೇಳಿದ. ನಾನೂ ನಕ್ಕೆ. ನಗುವಾಗಲೂ ನನಗೆ ಗೊತ್ತಿತ್ತು.

ಮೊದಲನೆಯವಳಿಂದ ಏನೂ ತೆಗೆದುಕೊಳ್ಳಲಿಲ್ಲ, ಅದು ನಿಜ. ಆಮೇಲೆ ತೆಗೆದುಕೊಂಡೆ. ಪ್ರೀತಿಗೆ ಕೊಟ್ಟರು, ಬೇಡವೆಂದರೆ ಕೇಳಲಿಲ್ಲ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ನಾನೇ ದರ ಹೇಳಿದ್ದು. ಕೊಟ್ಟವರಿಗೆ ಅನುಮಾನ ಬಾರದಿರಲೆಂದು, ಕುಟುಂಬದವರ ಜಲಚಿಕಿತ್ಸಾ ಯೋಜನೆ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ, ಕಾರ್ಡು ಮಾಡಿಸಿ, ಪ್ಲಾಸ್ಟಿಕ್ ಹಾಕಿಸಿ ಹಂಚಿದೆ. ಅಂಥ ಯೋಜನೆ ಕ್ಯಾಂಪಿನಲ್ಲಿ ಎಲ್ಲೂ ಇಲ್ಲ. ಸಂಬಂಧ ಯಾಕೆ ಹೇಳಬೇಕು ಎಂದು ಕೇಳಿದವರಿಗೆ, "ಮಿಲಿಟರಿಯವರು ಸದಸ್ಯರನ್ನ ಕರೆಯೋದೇ ಹಾಗೆ, ಅದು ಅವರ ಭಾಷೆ" ಎಂದೆ. ಎಷ್ಟು ಸಲೀಸಾಗಿ ಬರುತ್ತಿತ್ತು ಗೊತ್ತಾ ಮಾತು! ಜೀವಮಾನವಿಡೀ ನಿನ್ನಪ್ಪನ ಮುಂದೆ ಬಾಯಿ ಬಿಡದವಳು ನಾನು. ಆ ಹೆಂಗಸರೆಲ್ಲ ಅಕ್ಕ ಅಕ್ಕ ಎಂದು ಸುತ್ತ ನಿಂತು, ನಾನು ಹೇಳಿದಂತೆ ನೀರಿಗಿಳಿದು, ನಾನು ಹೇಳಿದಂತೆ ಕಾಲೆತ್ತುವಾಗ ನನಗೆ ಅಮಲೇರಿದಂತಾಗುತ್ತಿತ್ತು. ದುಡ್ಡಿಗಿಂತ ಅದೇ ಹೆಚ್ಚು ರುಚಿಸಿತು.

ದುಡ್ಡೂ ರುಚಿಸಿತು, ಬಿಡು. ನನ್ನ ಈ ಹಲ್ಲಿನ ಸೆಟ್ಟು ನಿನಗೆ ಹೇಳಿದಂತೆ ಮಾವ ಕಟ್ಟಿಸಿದ್ದಲ್ಲ, ಆ ದುಡ್ಡಿನದು. ಅವನಿಗೆ ಪಾಪ ಗೊತ್ತೂ ಇಲ್ಲ, ನೀನು ಕಟ್ಟಿಸಿದೆ ಎಂದುಕೊಂಡಿದ್ದಾನೆ. ಈಗ ತುತ್ತು ತುತ್ತಿಗೂ ಅದು ನನ್ನ ಬಾಯಲ್ಲೇ ಕೂತು ಕಡಿಯುತ್ತಿದೆ.

ಇನ್ನು ಆ ದಿನದ ಮಾತು. ನಿವೃತ್ತಿಯಾದ ಗಣಿತದ ಟೀಚರು ಹೊಸದಾಗಿ ಸೇರಿದ್ದರು. ಒಂದು ಚಮಚ ಉಪ್ಪು ಕಡ ತಂದರೂ ಮರಳಿಸಿ ಬರುವ ಜಾತಿಯ ಹೆಂಗಸು. ಗೇಟಿನಲ್ಲಿ ಹೇಳುವುದನ್ನು, ಇದೂ ಮಿಲಿಟರಿಯವರ ಭಾಷೆಯೇ ಎಂದು ನಂಬಿಸಿ, ನಾನೇ ಕೂರಿಸಿಕೊಂಡು ಕಲಿಸಿದ್ದೆ: ವೈರ್‌ಲೆಸ್ ವಿಭಾಗದಲ್ಲಿರುವ ಹುಡುಗಿಯ ಚಿಕ್ಕಮ್ಮ, ಎತ್ತಿ ಆಡಿಸಿ ಬೆಳೆಸಿದವಳು. ಮೀಸೆಯವನಿಗೆ ಜ್ವರ ಬಂದು ಅವನ ಬದಲಿಗೆ ನಿನ್ನನ್ನು ಗೇಟಿಗೆ ಹಾಕಿದ್ದಾರೆಂದು ನನಗೆ ಹೇಗೆ ತಿಳಿಯಬೇಕು? ಆ ಟೀಚರು ನಿನ್ನ ಮುಖ ನೋಡಿಕೊಂಡೇ, ನಿನ್ನನ್ನು ಎತ್ತಿ ಆಡಿಸಿದ ಕಥೆಯನ್ನು ನಿನಗೇ ಹೇಳಿದರಂತೆ. ಬೇರೆ ಯಾರ ಮನೆಯ ಕಥೆಯಾಗಿದ್ದರೂ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನೀನು ಮನೆಗೆ ಫೋನು ಮಾಡಿದೆ. "ನಿಮ್ಮ ಮನೆಗೆ ಒಬ್ರು ಬಂದಿದಾರೆ. ನಿಮ್ಮ ತಂಗಿ ಅಂತಾರೆ. ಹೌದಾ?" ಎಂದೆ. ನಾನು, "ಹೌದು, ನನ್ನ ಒಡಹುಟ್ಟಿದ ತಂಗಿ, ಬಿಡಿ" ಎಂದೆ. ನಿನ್ನ ಹಿಂದೆ ಯಾವುದೋ ಲಾರಿ ಹಾದುಹೋದದ್ದು ಕೇಳಿಸಿತು. ಆಮೇಲೆ "ಸರಿ" ಎಂದು ನೀನು ಫೋನು ಇಟ್ಟುಬಿಟ್ಟೆ.

ಆ ಸಂಜೆ ನೀನು ಕೇಳಿದಾಗ, ಲೈನು ಗರಗರ ಎನ್ನುತ್ತಿತ್ತು, ನಿನ್ನ ದನಿ ಗುರುತು ಸಿಗಲಿಲ್ಲ ಎಂದೆ. ಸುಳ್ಳು, ಗುಬ್ಬಿ. ಹೆತ್ತವಳಿಗೆ ದನಿ ಗುರುತು ಸಿಗದೇ ಇರುತ್ತದೆಯೇ? ಮೊದಲ ಮಾತಿಗೇ ನೀನೆಂದು ತಿಳಿಯಿತು. "ಹೌದಾ" ಎನ್ನುವಾಗ ನೀನು ನನ್ನನ್ನು ಬೇಡಿಕೊಳ್ಳುತ್ತಿದ್ದೆ, ಇಲ್ಲ ಎನ್ನು ಅಮ್ಮ, ನನಗೆ ತಂಗಿಯಿಲ್ಲ ಎನ್ನು ಎಂದು. ಅದೂ ತಿಳಿಯಿತು. ಇಲ್ಲ ಎಂದಿದ್ದರೆ ಟೀಚರು ವಾಪಸು ಹೋಗುತ್ತಿದ್ದರು, ನೀನು ಮನೆಗೆ ಬಂದು ನನ್ನನ್ನು ಉಗಿಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ನನ್ನ ತಲೆಗೆ ಬಂದದ್ದು ಬೇರೆ. ಕಿಂಡಿಯ ಹಿಂದೆ ಇರುವುದು ನನ್ನ ಮಗಳು ತಾನೇ, ಬಿಟ್ಟೇ ಬಿಡುತ್ತಾಳೆ ಎಂದುಕೊಂಡೆ. ಹಾಗೆಂದುಕೊಂಡೇ ಹೌದು ಎಂದೆ. ನೀನು ಬಿಟ್ಟೆ.

ಮುಂದಿನದು ನಿನಗೇ ಗೊತ್ತು. ಟೀಚರು ನನ್ನ ಕಣ್ಣೆದುರೇ ನೀರಿನಲ್ಲಿ ಎದೆ ಹಿಡಿದುಕೊಂಡು ಕುಸಿದರು. ನಾನು ಕಿರುಚಿದೆ. ಎಳೆದು ಮೇಲೆ ಹಾಕಿ ಕ್ಯಾಂಪಿನ ಆಸ್ಪತ್ರೆಗೆ ಒಯ್ದರು. ಅವರ ಯಜಮಾನರು ಓಡಿ ಬಂದು, "ಮಿಲಿಟರಿಲಿ ನಮಗೆ ಯಾವ ಬಂಧುಗಳೂ ಇಲ್ಲ ಸ್ವಾಮಿ" ಎಂದರು. ಅಲ್ಲಿಗೆ ಎಲ್ಲ ಹೊರಬಿತ್ತು. ಅಧಿಕಾರಿಗಳು ನಮ್ಮ ಮನೆಯ ಬಾಗಿಲು ತಟ್ಟುವ ಮೊದಲು ನೀನು ಒಳಗೆ ಬಂದೆ, ಬೂಟು ಸಹ ಬಿಚ್ಚದೆ ಅಡುಗೆಮನೆಯಲ್ಲಿ ನನ್ನ ಭುಜ ಹಿಡಿದೆ. "ನಿನ್ನನ್ನ ಹೊರಗಿನ ಪೊಲೀಸರಿಗೆ ಕೊಡ್ತಾರೆ ಅಮ್ಮ, ಈ ವಯಸ್ಸಲ್ಲಿ ಜೈಲು ನಿನ್ ಕೈಲಿ ಆಗಲ್ಲ. ದುಡ್ಡು ತಗೊಂಡಿದ್ದು ನಾನು, ಕಾರ್ಡು ಮಾಡಿಸಿದ್ದು ನಾನು. ನಿಂಗೆ ಏನೂ ಗೊತ್ತಿಲ್ಲ. ಅಷ್ಟು ಹೇಳು ಸಾಕು" ಎಂದೆ.

ತಾಯಿಯಾದವಳು ಆಗ ಏನು ಹೇಳಬೇಕಿತ್ತು? ನಾನು ತಲೆಯಾಡಿಸಿದೆ. ಇದನ್ನೂ ಕೇಳಿಸಿಕೋ: ಆ ಗಳಿಗೆಯಲ್ಲಿ ನನಗೆ ಮೊದಲು ಆದದ್ದು ದುಃಖವಲ್ಲ, ಸಮಾಧಾನ. ಸದ್ಯ, ಬಚಾವಾದೆ ಎಂದುಕೊಂಡೆ. ನಿನ್ನನ್ನು ಕರೆದುಕೊಂಡು ಹೋದ ಮೇಲೆ ಒಲೆ ಹಚ್ಚಿ ಒಂದು ಲೋಟ ಚಹಾ ಮಾಡಿ ಕುಡಿದೆ. ನನ್ನನ್ನು ನೆನೆದರೆ ನನಗೇ ಅಸಹ್ಯವಾಗುತ್ತದೆ.

ಹೋದ ವಾರ ಟೀಚರ ಮನೆಗೆ ಹೋಗಿದ್ದೆ. ಬದುಕಿದ್ದಾರೆ, ದಿಂಬಿಗೆ ಒರಗಿ ಕೂರುವಷ್ಟಾಗಿದ್ದಾರೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಆ ಹುಡುಗಿ ನಿಮ್ಮ ಮಗಳಂತೆ, ಹೌದಾ? ನಾನು ಎತ್ತಿ ಆಡಿಸಿದ್ದು ಅಂದಾಗ ಅವಳ ಕಣ್ಣಲ್ಲಿ ನೀರು ಬಂತು. ನಾನು ಏನೋ ಅಭಿಮಾನ ಅಂದ್ಕೊಂಡೆ" ಎಂದರು. ಅವರು ಕೊಟ್ಟ ನೀರನ್ನೂ ಕುಡಿಯದೆ ಎದ್ದು ಬಂದೆ.

ಟೀಚರನ್ನು ಒಳಗೆ ಬಿಟ್ಟದ್ದು ನಿನ್ನ ತಪ್ಪು, ಅದಕ್ಕೇನು ಶಿಕ್ಷೆಯೋ ಅದನ್ನು ನೀನು ತಪ್ಪಿಸಿಕೊಳ್ಳುವವಳಲ್ಲ. ಆದರೆ ನನ್ನದನ್ನೂ ಸೇರಿಸಿ ಹೊರಬೇಡ. ಆ ಸಮವಸ್ತ್ರಕ್ಕಾಗಿ ನೀನು ಪಟ್ಟ ಪಾಡು ನಾನು ನೋಡಿದ್ದೇನೆ. ಓಟದಲ್ಲಿ ಉಗುರು ಕಿತ್ತುಹೋಗಿ ಬಂದಾಗ ಕಾಲು ತೊಳೆದವಳು ನಾನು. ನಿನ್ನನ್ನು ಕೂರಿಸಿರುವ ಕೋಣೆಗೆ ಕಿಟಕಿ ಇದೆಯೋ ಇಲ್ಲವೋ ಎಂದು ಯೋಚಿಸುತ್ತೇನೆ. ಚಳಿಯಾದರೆ ಕಾಲುಚೀಲ ಹಾಕಿಕೋ. ಊಟ ಬಿಡಬೇಡ.

ಇಂತಿ, ಬೇಡವೆಂದರೂ ನಿನ್ನವಳೇ ಆದ
ಅಮ್ಮ

ಮರೆತದ್ದು: ನಿನ್ನ ವಕೀಲರು ಬಂದಿದ್ದರು. "ಒಳಗೆ ಹೋಗೋ ಪ್ರತಿ ಕಾಗದವನ್ನೂ ವಿಚಾರಣೆ ಅಧಿಕಾರಿ ಮೊದಲು ಒಡೆದು ಓದ್ತಾರೆ, ಕ್ಷೇಮ ಸಮಾಚಾರ ಬಿಟ್ಟು ಬೇರೇನೂ ಬರೀಬೇಡಿ ಅಮ್ಮ" ಎಂದು ಎಚ್ಚರಿಸಿ ಹೋದರು. ಆ ಅಧಿಕಾರಿಯ ಎದುರು ನಿಂತು ಹೇಳೋಣವೆಂದು ಕ್ಯಾಂಪಿನ ಗೇಟಿನವರೆಗೆ ಎರಡು ಸಲ ಹೋದೆ, ಎರಡು ಸಲವೂ ಆ ಕಿಂಡಿಯನ್ನು ದೂರದಿಂದ ನೋಡಿ ವಾಪಸು ಬಂದೆ. ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಇಷ್ಟು ಬಿಡಿಸಿ ಬಿಡಿಸಿ ಬರೆದದ್ದು ನಿನಗಾಗಿ ಮಾತ್ರವಲ್ಲ. ಓದುತ್ತಿರುವ ಸಾಹೇಬರೇ, ನಾನು ಈ ಮನೆಯಲ್ಲೇ ಇದ್ದೇನೆ, ಬಟ್ಟೆ ಕಟ್ಟಿಟ್ಟಿದ್ದೇನೆ. ಗುಬ್ಬಿ, ಕೋಪ ಮಾಡಿಕೋ, ನನ್ನ ಮುಖ ನೋಡಬೇಡ. ಅವರು ಈ ಕಾಗದವನ್ನು ನಿನ್ನ ಮುಂದಿಟ್ಟು ಇದು ನಿನ್ನ ಅಮ್ಮನ ಕೈಬರಹವೇ ಎಂದು ಕೇಳಿದಾಗ ಮಾತ್ರ ಅಲ್ಲ ಎನ್ನಬೇಡ.