ಪೋಷಕರು ಒಬ್ಬರೇ ಬರತಕ್ಕದ್ದು

ಸೋಮವಾರ, ಮಧ್ಯಾಹ್ನ ಊಟವಾದ ಮೇಲೆ

ಡಾಕ್ಟರ್ ಸಾಹೇಬರಿಗೆ,

ನಮಸ್ಕಾರ. ಬೇರೆ ರೀತಿ ಶುರು ಮಾಡೋಣವೆಂದರೆ ಬಾಯಿಗೆ ಬಂದದ್ದು ಯಾವುದೂ ಬರೆಯುವಂಥದ್ದಲ್ಲ.

ನಿಮ್ಮ ಪತ್ರ ಶುಕ್ರವಾರ ತಲುಪಿತು. ಕ್ಲಿನಿಕ್ಕಿನ ಹೆಸರಿರುವ ಕಾಗದ, ಟೈಪು ಮಾಡಿಸಿದ ಅಕ್ಷರ, ಕೆಳಗೆ ಸಹಿ, ಸಹಿಯ ಮೇಲೆ ಸೀಲು. ಮಗಳಿಗೆ ದಂತವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದಕ್ಕೆ ಸೀಲು ಹೊಡೆದು ಸಂತೋಷಪಡುವ ಅಪ್ಪನನ್ನು ನಾನು ನೋಡಿದ್ದು ಇದೇ ಮೊದಲು. ‘ನಮ್ಮ ಗುಬ್ಬಿ ಕೊನೆಗೂ ನನ್ನ ದಾರಿ ಹಿಡಿದಳು’ ಎಂದು ಬರೆದಿದ್ದೀರಿ. ಆಹಾ! ಗುರುವಾರ ದಾಖಲಾತಿಗೆ ಅವಳ ಜೊತೆ ನೀವೇ ಹೋಗುತ್ತೀರಂತೆ. ಪೋಷಕರು ಒಬ್ಬರೇ ಬರತಕ್ಕದ್ದು, ಸಹಿ ಹಾಕಿ ಸಭೆಯಲ್ಲಿ ಮಕ್ಕಳ ಪಕ್ಕ ಕೂರತಕ್ಕದ್ದು ಎಂದು ಕಾಲೇಜಿನವರು ತಿಳಿಸಿದ್ದಾರೆ. ಇರುವುದು ಒಂದೇ ಕುರ್ಚಿ. ಒಂಬತ್ತು ವರ್ಷದಿಂದ ಬೇರೆ ಮನೆ ಮಾಡಿಕೊಂಡು ಆರಾಮಾಗಿರುವ ನಿಮಗೆ ಈಗ ಆ ಕುರ್ಚಿಯ ಮೇಲೆ ಕಣ್ಣು.

ನಿಮ್ಮ ದಾರಿ ಯಾವುದು ಎಂದು ಸ್ವಲ್ಪ ನೆನಪು ಮಾಡಿಕೊಡುತ್ತೇನೆ. ಹದಿನೇಳನೇ ವಯಸ್ಸಿನಲ್ಲಿ ಗುಬ್ಬಿ ವಿಜ್ಞಾನದ ಮೂರು ವಿಷಯಗಳಲ್ಲೂ ಫೇಲಾದಳು. ರಸಾಯನಶಾಸ್ತ್ರದಲ್ಲಿ ನೂರಕ್ಕೆ ಹನ್ನೊಂದು. ನಾನು ಫೋನು ಮಾಡಿದೆ. ನೀವು ಹೇಳಿದ ಮಾತು ಅಕ್ಷರ ಬಿಡದೆ ನೆನಪಿದೆ: ‘ಓದು ಅವಳ ತಲೆಗೆ ಹತ್ತಲ್ಲ, ಯಾವುದಾದ್ರೂ ಕೆಲಸಕ್ಕೆ ಹಾಕು. ಇಡ್ತೀನಿ, ಪೇಷೆಂಟು ಬಾಯಿ ತೆಗೆದುಕೊಂಡು ಕೂತಿದ್ದಾರೆ.’ ಮಗಳ ಬದುಕಿಗಿಂತ ಯಾರದೋ ತೆರೆದ ಬಾಯಿ ನಿಮಗೆ ಹೆಚ್ಚಾಯಿತು. ಅಲ್ಲಿಗೆ ಕೈ ತೊಳೆದುಕೊಂಡಿರಿ. ಅದೊಂದನ್ನು ಮಾತ್ರ ನೀವು ಯಾವಾಗಲೂ ಶುಚಿಯಾಗಿ ಮಾಡುತ್ತೀರಿ.

ನಾನು ಅವಳನ್ನು ನನ್ನ ಲ್ಯಾಬಿಗೆ ಸೇರಿಸಿಕೊಂಡೆ. ಹಲ್ಲಿನ ಸೆಟ್ಟು ಕಟ್ಟುವ ಕೆಲಸ ನಿಮ್ಮಂಥವರ ಲೆಕ್ಕದಲ್ಲಿ ಕೆಲಸವೇ ಅಲ್ಲ. ನೀವು ಬಾಯಿಯ ಅಚ್ಚು ತೆಗೆದು ಕಳಿಸುತ್ತೀರಿ, ನಾವು ಪ್ಲಾಸ್ಟರು ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ ಕೊಡುತ್ತೇವೆ. ಪೇಷೆಂಟು ಕನ್ನಡಿ ನೋಡಿ ಕೈ ಮುಗಿಯುವುದು ಮಾತ್ರ ನಿಮಗೆ. ಬೇರೆ ಮನೆ ಮಾಡಿದ ಮೇಲೂ ನೀವು ಅಚ್ಚುಗಳನ್ನು ನನಗೇ ಕಳಿಸುತ್ತಿರುವುದು ಪ್ರೀತಿಯಿಂದಲ್ಲ ಎಂದು ನನಗೆ ಗೊತ್ತು. ಬೇರೆ ಯಾವ ಲ್ಯಾಬಿನವರೂ ಅವನ್ನು ಮುಟ್ಟುವುದಿಲ್ಲ. ಹಲ್ಲಿಗಿಂತ ಗಾಳಿಗುಳ್ಳೆಯೇ ಜಾಸ್ತಿ. ವಸಡಿನ ಅಂಚು ಎಲ್ಲಿ ಮುಗಿಯುತ್ತದೆ ಎಂದು ನಾವೇ ಊಹಿಸಿಕೊಳ್ಳಬೇಕು. ಆ ಅಧ್ವಾನವನ್ನೆಲ್ಲ ಆರು ವರ್ಷ ಕೂತು ಸರಿಪಡಿಸಿದ್ದು ಯಾರು? ನೀವು ತಲೆಗೆ ಹತ್ತಲ್ಲ ಎಂದಿರಲ್ಲ, ಅವಳು. ನಿಮ್ಮ ಕೈಗುಣ ಎಂದು ಊರು ಹೊಗಳಿದ್ದು ಗುಬ್ಬಿಯ ಕೈಯನ್ನು, ಸಾಹೇಬರೇ. ಇನ್ನು ಮೇಲೆ ಆ ಹೊಗಳಿಕೆ ಕೇಳುವಾಗ ಸ್ವಲ್ಪ ಕೆಮ್ಮಿ.

ಲ್ಯಾಬಿಗೆ ಬಂದ ಡಾಕ್ಟರುಗಳೆಲ್ಲ ‘ಈ ಹುಡುಗಿ ಕೈ ಚೆನ್ನಾಗಿದೆ’ ಎನ್ನುತ್ತಿದ್ದರು. ನಾನು ಸುಮ್ಮನೆ ನಕ್ಕು ಮಾತು ತಿರುಗಿಸುತ್ತಿದ್ದೆ. ಹೊಗಳಿಕೆ ಕೇಳಿ ಅವಳು ಅಟ್ಟ ಹತ್ತಬಾರದಲ್ಲ.

ಮತ್ತೆ ಓದುತ್ತೇನೆ ಎಂದು ಅವಳು ಹೊರಟದ್ದು ಇಪ್ಪತ್ತೊಂದನೇ ವಯಸ್ಸಿನಲ್ಲಿ. ಸಂಜೆ ತರಗತಿಯಲ್ಲಿ ಅವಳ ಪಕ್ಕ ಕೂತವರಿಗೆ ಹದಿನಾರು ವರ್ಷ. ಒಬ್ಬಳು ಅವಳನ್ನು ಟೀಚರೆಂದುಕೊಂಡು ಎದ್ದು ನಿಂತಳಂತೆ. ಕೂದಲಲ್ಲಿ ಪ್ಲಾಸ್ಟರು ಪುಡಿ ಇಟ್ಟುಕೊಂಡೇ ಹೋಗುತ್ತಿದ್ದಳು. ಎರಡು ವರ್ಷ ಹಲ್ಲು ಕಚ್ಚಿಕೊಂಡು ಓದಿ ಅದೇ ರಸಾಯನಶಾಸ್ತ್ರದಲ್ಲಿ ಎಂಬತ್ತಾರು ತೆಗೆದಳು. ಆಗ ನೀವೇನು ಮಾಡಿದಿರಿ? ನಿಮ್ಮ ಕಾಲದ ಪುಸ್ತಕಗಳ ಒಂದು ಕಟ್ಟು ಕಳಿಸಿದಿರಿ. ಅರ್ಧಕ್ಕೆ ಗೆದ್ದಲು ಹಿಡಿದಿತ್ತು. ಉಳಿದರ್ಧದಲ್ಲಿ ಒಂದು ಗೆರೆಯನ್ನೂ ನೀವು ಓದಿದ ಗುರುತಿರಲಿಲ್ಲ.

ಪ್ರವೇಶ ಪರೀಕ್ಷೆಯಲ್ಲಿ ಏನಾಯಿತು ಎಂದು ನಿಮಗೆ ಯಾರೂ ಹೇಳಿರಲಾರರು. ಬರೆಯುವ ಪರೀಕ್ಷೆ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ತುಂಡು ಮೇಣ ಕೊಟ್ಟು ಕೆಳದವಡೆಯ ಹಲ್ಲು ಕೆತ್ತಿ ಎಂದರಂತೆ. ಉಳಿದವರೆಲ್ಲ ಪುಸ್ತಕದ ಚಿತ್ರದಲ್ಲಿರುವ ಹಾಗೆ ಹೊಸ ಹಲ್ಲು ಕೆತ್ತಿದರು. ನಮ್ಮವಳು ಸವೆದ ಹಲ್ಲು ಕೆತ್ತಿಟ್ಟಳು! ಲ್ಯಾಬಿನ ರೂಢಿ. ಅರವತ್ತು ದಾಟಿದವರ ಬಾಯಿಗೆ ನಾವು ಹೊಚ್ಚ ಹೊಸ ಉಬ್ಬುಗಳಿರುವ ಹಲ್ಲು ಕೂರಿಸುವುದಿಲ್ಲ, ಅವರು ಅಗಿಯುವ ಕಡೆ ನೋಡಿ ತುಸು ಸವೆಸಿಯೇ ಕೊಡುತ್ತೇವೆ. ಅವಳ ಕೈ ತಾನಾಗಿಯೇ ಹಾಗೆ ಮಾಡಿಬಿಟ್ಟಿದೆ. ಒಬ್ಬ ಪರೀಕ್ಷಕರು ತಪ್ಪು ಎಂದು ಪಕ್ಕಕ್ಕಿಟ್ಟರು. ಇನ್ನೊಬ್ಬರು, ವಯಸ್ಸಾದ ಹೆಂಗಸು, ಎತ್ತಿಕೊಂಡು ‘ಇದು ಯಾರ ಹಲ್ಲಮ್ಮ?’ ಎಂದು ಕೇಳಿದರು. ‘ಎಡಗಡೆ ಮಾತ್ರ ಅಗಿಯೋರದು ಮೇಡಂ. ನಾನು ಕೆಲಸ ಮಾಡೋ ಕಡೆ ಹೀಗೇ ಮಾಡೋದು’ ಎಂದಳಂತೆ. ಆ ಹೆಂಗಸು ತಮ್ಮ ಎಡಗೆನ್ನೆ ಮುಟ್ಟಿಕೊಂಡು ನಕ್ಕುಬಿಟ್ಟರಂತೆ. ನಮ್ಮಮ್ಮನ ಲ್ಯಾಬು ಎಂದು ಗುಬ್ಬಿ ಅಲ್ಲಿ ಹೇಳಲಿಲ್ಲ. ಶಿಫಾರಸು ಅನ್ನಿಸಬಾರದು ಅಂತಿರಬೇಕು. ಜಾಣೆ.

ಹಳೆಯ ಅಂಕಪಟ್ಟಿ ತೋರಿಸಿ ಹನ್ನೊಂದು ಯಾಕೆ ಬಂತು ಎಂದೂ ಕೇಳಿದರು. ‘ಓದಿರಲಿಲ್ಲ’ ಎಂದಳು. ನಿಮ್ಮ ಹಾಗೆ ಕಥೆ ಕಟ್ಟಲು ಅವಳಿಗೆ ಬರುವುದಿಲ್ಲ.

ಹೀಗಿದೆ ಸಮಾಚಾರ. ಇದರಲ್ಲಿ ನಿಮ್ಮ ಪಾಲು ಎಳ್ಳಷ್ಟಾದರೂ ಎಲ್ಲಿದೆ, ತೋರಿಸಿ. ಬಿದ್ದಾಗ ಅವಳನ್ನು ಎತ್ತಿಕೊಂಡದ್ದು ನಾನು. ನೀವು ಗುರುವಾರ ಬರುವ ಅಗತ್ಯವಿಲ್ಲ. ಆ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಅಂದಿಗೆಂದು ಸೀರೆಗೆ ಇಸ್ತ್ರಿ ಹಾಕಿಸಿಯೂ ಆಗಿದೆ. ನೀವು ನಿಮ್ಮ ಕ್ಲಿನಿಕ್ಕಿನಲ್ಲೇ ಇದ್ದು, ಯಾರದಾದರೂ ಬಾಯಿ ತೆರೆಸಿ, ಅವರು ಎದುರು ಮಾತಾಡಲಾಗದ ಹೊತ್ತಿನಲ್ಲಿ ನಿಮ್ಮ ಮಗಳ ಸಾಧನೆಯನ್ನು ಬಣ್ಣಿಸಿಕೊಳ್ಳಿ.

ಇಂತಿ,
ನಿಮ್ಮ ಒಂದು ಉಪಕಾರವನ್ನೂ ಹೊತ್ತುಕೊಳ್ಳದ,
ಗುಬ್ಬಿಯ ತಾಯಿ

ತಾ.ಕ. ಮಂಗಳವಾರ ಬೆಳಗ್ಗೆ ಬರೆಯುತ್ತಿದ್ದೇನೆ. ನಿಮ್ಮ ಸೆಟ್ಟುಗಳ ಡಬ್ಬಿಯ ಜೊತೆ ಕಳಿಸು ಎಂದು ಈ ಪತ್ರವನ್ನು ಗುಬ್ಬಿಯ ಕೈಗೆ ಕೊಟ್ಟೆ. ಲಕೋಟೆ ಅಂಟಿಸಿರಲಿಲ್ಲ. ನಿಂತಲ್ಲೇ ಓದಿದಳು. ಒಳಗೆ ಹೋಗಿ, ಅರ್ಜಿಯ ಜೊತೆ ಕಾಲೇಜಿಗೆ ಬರೆದುಕೊಟ್ಟಿದ್ದ ಒಂದು ಪುಟದ ನಕಲು ತಂದು ನನ್ನ ಮುಂದಿಟ್ಟಳು. ಮೊದಲು ಅಂಕ ಕಡಿಮೆ ಬಂದಿದ್ದರೂ ಮತ್ತೆ ಓದಬೇಕೆನ್ನಿಸಿದ್ದು ಯಾಕೆ ಎಂದು ಅವರು ಕೇಳಿದ್ದರಂತೆ.

ಅವಳು ಬರೆದಿದ್ದನ್ನು ಇದ್ದ ಹಾಗೇ ಇಳಿಸುತ್ತೇನೆ: ‘ಲ್ಯಾಬಿಗೆ ಡಾಕ್ಟರುಗಳು ಬಂದಾಗ ಅಮ್ಮ ನನ್ನನ್ನು ಕೆಲಸಕ್ಕೆ ಬರುವ ಹುಡುಗಿ ಎಂದು ಪರಿಚಯಿಸುತ್ತಿದ್ದರು. ಮೊದಲ ಸಲ ತಮಾಷೆ ಎಂದುಕೊಂಡೆ. ಆಮೇಲೆ ನಾನೂ ಅವರನ್ನು ಎಲ್ಲರೆದುರು ಮೇಡಂ ಎಂದು ಕರೆಯಲು ಕಲಿತೆ. ಆರು ವರ್ಷ ಹಾಗೇ ಕರೆದೆ.’

ಸುಳ್ಳು ಎಂದು ಬರೆಯಲು ಕೈ ಬರುತ್ತಿಲ್ಲ. ಹನ್ನೊಂದು ಅಂಕದ ಮಗಳು ನನ್ನವಳು ಎಂದು ಆ ಡಾಕ್ಟರುಗಳ ಮುಂದೆ ಹೇಳಲು ನನಗೆ ನಾಚಿಕೆಯಾಗಿತ್ತು. ನಾಚಿಕೆಗೇಡಿ ಎಂದರೆ ನಾನೇ.

ನಿಮ್ಮ ಕ್ಲಿನಿಕ್ಕಿಗೆ ಅವಳು ಸೆಟ್ಟು ಕೊಡಲು ಬಂದಾಗಲೆಲ್ಲ ನೀವು ಪೇಷೆಂಟುಗಳೆದುರು ಅವಳ ಅಂಕ ಹೇಳಿ ನಗುತ್ತಿದ್ದಿರಂತೆ. ಇವತ್ತು ಹೇಳಿದಳು. ‘ಅಪ್ಪ ನಕ್ಕರು ಅಮ್ಮ. ಆದ್ರೆ ನನ್ನ ಮಗಳು ಅಂತ ಹೇಳೇ ನಕ್ಕರು.’ ದಾಖಲಾತಿ ಫಾರಮ್ಮಿನಲ್ಲಿ ಪೋಷಕರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರನ್ನು ಅವಳು ಹೋದ ವಾರವೇ ಬರೆದು ಕೊಟ್ಟಾಗಿದೆ.

ಪತ್ರ ಹರಿದು ಬೇರೆ ಬರೆಯುತ್ತೇನೆಂದರೆ ಬಿಡಲಿಲ್ಲ. ‘ಬರೆದದ್ದು ಬರೆದಾಯ್ತು, ಅಪ್ಪನೂ ಓದಲಿ’ ಎಂದಳು.

ಗುರುವಾರ ಒಂಬತ್ತಕ್ಕೆ ಬನ್ನಿ. ತಡ ಮಾಡಬೇಡಿ. ಈ ಹುಡುಗಿ ನಿಮಗೇನಾಗಬೇಕು ಎಂದು ಬಾಗಿಲಲ್ಲೇ ಕೇಳುತ್ತಾರೆ.